ಆಕ್ಷೇಪಣೆ ಇದ್ದವರು ತಿಳಿಸತಕ್ಕದ್ದು

ಧರ್ಮಕೇಂದ್ರದಲ್ಲಿ ಮದುವೆಯೊಂದು ನಿಶ್ಚಯವಾದಾಗ ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ವಧೂವರರ ಹೆಸರು, ತಂದೆತಾಯಿಯರ ಹೆಸರು, ಊರು ಇವುಗಳನ್ನು ಓದಿ ಹೇಳುವ ಪದ್ಧತಿ ನಮ್ಮ ಓದುಗರಿಗೆ ಹೊಸದಲ್ಲ. ಈ ವಿವಾಹಕ್ಕೆ ಅಡ್ಡಿಯಾಗಬಲ್ಲ ಸಂಗತಿ ಯಾರಿಗಾದರೂ ತಿಳಿದಿದ್ದರೆ ಗುರುಗಳಿಗೆ ತಿಳಿಸಬೇಕು ಎಂಬ ಮಾತನ್ನೂ ಸೇರಿಸುತ್ತೇವೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಈ ಪ್ರಕಟಣೆಯನ್ನು ಇಡೀ ಧರ್ಮಸಭೆಗೆ ನಿಯಮವನ್ನಾಗಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಮೂರು ಬಾರಿ ಓದಬೇಕೆಂದು ಗೊತ್ತುಪಡಿಸಿತು. ಗುಟ್ಟಿನ ಮದುವೆಗಳಲ್ಲಿ ಮೋಸಹೋಗಿ, ಮುಂದೆ ಸಾಕ್ಷಿಯಿಲ್ಲದೆ ಅಳುತ್ತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳು. ಅವರ ರಕ್ಷಣೆಗೆಂದು ಹುಟ್ಟಿದ ಏರ್ಪಾಡು ಇದು.

ಈ ಪ್ರಕಟಣೆಯ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ಹೊರನೋಟಕ್ಕೆ ಅದು ಸುದ್ದಿ ತಿಳಿಸುತ್ತದೆ, ಆದರೆ ವಾಸ್ತವವಾಗಿ ಅದು ಸುದ್ದಿ ಕೇಳುತ್ತದೆ. ಗುರುಗಳಿಗೆ ಗೊತ್ತಿಲ್ಲದ್ದು ಬೆಂಚಿನ ಮೇಲೆ ಕುಳಿತ ಯಾರಿಗಾದರೂ ಗೊತ್ತಿರಬಹುದು ಎಂಬ ವಿನಯ ಅದರಲ್ಲಿದೆ. ಯಾರೂ ಏನೂ ಹೇಳದಿದ್ದರೆ ಆ ಮೌನಕ್ಕೂ ಬೆಲೆಯಿದೆ, ಏಕೆಂದರೆ ಕೇಳಬೇಕಾದವರೆಲ್ಲ ಅಲ್ಲಿಯೇ ಕುಳಿತು ಕೇಳಿಸಿಕೊಂಡಿರುತ್ತಾರೆ.

ಸರ್ಕಾರದ ಸಾರ್ವಜನಿಕ ಪ್ರಕಟಣೆಯ ವ್ಯಾಕರಣವೂ ಇದೇ. 'ಆಕ್ಷೇಪಣೆ ಇದ್ದವರು ಇಂತಿಷ್ಟು ದಿನಗಳ ಒಳಗಾಗಿ ಲಿಖಿತವಾಗಿ ತಿಳಿಸತಕ್ಕದ್ದು, ತಪ್ಪಿದಲ್ಲಿ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು' ಎಂಬ ವಾಕ್ಯವನ್ನು ಪತ್ರಿಕೆಯ ಒಳಪುಟಗಳಲ್ಲಿ ನೋಡದವರಿಲ್ಲ, ಓದಿದವರು ಕಡಿಮೆ. ಭಾನುವಾರದ ಸಭೆಯಲ್ಲಿ ಅರ್ಥವಿರುವ ಮೌನ ಪತ್ರಿಕೆಯ ಒಳಪುಟದಲ್ಲಿ ಅದೇ ಅರ್ಥವನ್ನು ಪಡೆಯಬಲ್ಲದೇ? ಜನರ ಉಳಿತಾಯ, ಮಕ್ಕಳ ಶಾಲೆ ಈ ಎರಡರ ವಿಷಯದಲ್ಲಿ ನಮ್ಮ ನಾಡಿನ ಸರ್ಕಾರಗಳು ಸುಮಾರು ನೂರ ಮೂವತ್ತು ವರ್ಷಗಳಿಂದ ಹೊರಡಿಸುತ್ತ ಬಂದಿರುವ ಪ್ರಕಟಣೆಗಳ ಕಥೆಯನ್ನು ನೋಡಿದರೆ ಈ ಪ್ರಶ್ನೆ ಚಿಕ್ಕದಲ್ಲವೆಂದು ತೋರುತ್ತದೆ.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಅಮಲ್ದಾರರ ಹುಕುಂ ಬಂದರೆ ತೋಟಿ ತಮಟೆ ಬಾರಿಸಿ ಸಾರುತ್ತಿದ್ದ. ಓದು ಬಾರದವನಿಗೂ ಅದು ಕೇಳಿಸುತ್ತಿತ್ತು. ಹಟ್ಟಿಯ ಬಳಿ ನಿಂತು ಸಾರಿದನೇ, ಗೌಡರ ಮನೆಯ ಮುಂದೆ ಮಾತ್ರ ಸಾರಿ ಹೋದನೇ ಎಂಬುದು ಬೇರೆ ಮಾತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಗೆಜೆಟ್ ಬಂತು. ಅಂದಿನಿಂದ ಸರ್ಕಾರದ ಮಾತು ಅಚ್ಚಾದ ದಿನವೇ ಎಲ್ಲರಿಗೂ ತಿಳಿಯಿತೆಂದು ಕಾನೂನು ಭಾವಿಸತೊಡಗಿತು. ಆಡಳಿತಕ್ಕೆ ಇದು ಅನುಕೂಲವೇ ಸರಿ.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಬೆಂಗಳೂರಿನ ಹೊರವಲಯದ ಸಿಲುವೆಪುರದಂತಹ ಊರುಗಳನ್ನು ಪ್ಯಾರಿಸ್ ವಿದೇಶ ಮಿಷನ್ನಿನ ಗುರುಗಳು ಕ್ಷಾಮದಲ್ಲಿ ಅನಾಥರಾದವರಿಗಾಗಿ ನೆಲೆಗೊಳಿಸಿದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಉಳಿದ ರೈತರು ಬದುಕಿಕೊಂಡದ್ದು ಸಾಲದ ಮೇಲೆ. ಆ ಸಾಲದ ಕುಣಿಕೆಯನ್ನು ಸಡಿಲಿಸಲೆಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ವ್ಯವಸಾಯ ಬ್ಯಾಂಕುಗಳ ಯೋಜನೆ ಪ್ರಕಟವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಬಂಡವಾಳ ಸರ್ಕಾರದ್ದಾಗಿತ್ತು, ಜನರ ಉಳಿತಾಯ ಅದರಲ್ಲಿ ಸೇರಲಿಲ್ಲ. ತಮ್ಮ ಹಣ ಅಲ್ಲಿಲ್ಲವಾದ್ದರಿಂದ ಲೆಕ್ಕ ಕೇಳುವವರೂ ಹುಟ್ಟಲಿಲ್ಲ. ಕೊಟ್ಟ ಸಾಲ ಹಿಂದಿರುಗದೆ ಯೋಜನೆ ಸೋತಿತು. 1905ರಲ್ಲಿ ಮೈಸೂರು ಸಂಸ್ಥಾನ ಸಹಕಾರ ಸಂಘಗಳ ಕಾಯಿದೆಯನ್ನು ತಂದಾಗ ಈ ಪಾಠ ಎದುರಿಗಿತ್ತು. ಅದೇ 1905ರ ಮೇ ತಿಂಗಳಲ್ಲಿ, ಅಂದು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಪತ್ತಿನ ಸಂಘ ನೋಂದಣಿಯಾಯಿತು. ಅಲ್ಲಿ ಬಂಡವಾಳ ಊರಿನದು, ಲೆಕ್ಕ ಊರಿನ ಚಾವಡಿಯಲ್ಲಿ. ಅಂಥ ಸಂಘಕ್ಕೆ ಪ್ರಕಟಣೆಯ ಅಗತ್ಯವೇ ಅಷ್ಟಾಗಿ ಇರಲಿಲ್ಲ, ಯಾರು ಎಷ್ಟು ಪಡೆದರೆಂಬುದು ಊರಿಗೇ ಗೊತ್ತಿರುತ್ತಿತ್ತು. ನಮ್ಮವರೂ ಈ ದಾರಿಯಲ್ಲಿ ನಡೆದಿದ್ದಾರೆ. 1909ರಲ್ಲಿ ಯೇಸುಸಭೆಯ ಫಾದರ್ ಹಾಫ್‌ಮನ್ ಛೋಟಾನಾಗಪುರದ ಆದಿವಾಸಿಗಳಿಗಾಗಿ ಕಥೋಲಿಕ ಸಹಕಾರಿ ಪತ್ತಿನ ಸಂಘ ಕಟ್ಟಿದರು. 1912ರಲ್ಲಿ ಮಂಗಳೂರಿನ ಕಥೋಲಿಕರ ಸಹಕಾರಿ ನಿಧಿ ಹುಟ್ಟಿತು.

1913ನೆಯ ಇಸವಿಯ ಬಳಿ ನಾನು ಕೊಂಚ ನಿಲ್ಲಬೇಕು. ಹಿಂದಿನ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಆ ಒಂದೇ ವರ್ಷದಲ್ಲಿ ಮೈಸೂರು ಸಂಸ್ಥಾನ ಎರಡು ಕೆಲಸ ಮಾಡಿತು. ಆಯ್ದ ಪ್ರದೇಶಗಳಲ್ಲಿ ಮಕ್ಕಳ ಶಾಲೆಯನ್ನು ಕಡ್ಡಾಯಗೊಳಿಸಲು ಅವಕಾಶ ಕೊಡುವ ಪ್ರಾಥಮಿಕ ಶಿಕ್ಷಣ ಕಾಯಿದೆ ಒಂದು. ಅಕ್ಟೋಬರ್ 2ರಂದು ಬಾಗಿಲು ತೆರೆದ ಮೈಸೂರು ಬ್ಯಾಂಕ್ ಇನ್ನೊಂದು. ಉಳಿತಾಯಕ್ಕೆ ಸುರಕ್ಷಿತ ಸ್ಥಳ, ಮಗುವಿಗೆ ಶಾಲೆ ಈ ಎರಡನ್ನೂ ಒಂದೇ ರಾಜ್ಯದ ಹೊಣೆಯೆಂದು ಭಾವಿಸಿದ ವರ್ಷ ಅದು. ರೈತನ ಮನೆಯಲ್ಲಿಯೂ ಇವು ಎರಡಲ್ಲ. ರಾಗಿ ಮಾರಿದ ಹಣ ಎಲ್ಲಿಯೋ ಮುಳುಗಿದರೆ ಮೊದಲು ಶಾಲೆ ಬಿಡುವುದು ಹಿರಿಯ ಮಗಳು.

ಆದರೆ ಕಡ್ಡಾಯ ಶಿಕ್ಷಣವು ಗೊತ್ತುಪಡಿಸಿ ಪ್ರಕಟಿಸಿದ ಊರುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನಮ್ಮೂರಿನ ಹೆಸರು ಪ್ರಕಟಣೆಯಲ್ಲಿ ಇದೆಯೇ ಎಂದು ನೋಡಲು ಊರಿನಲ್ಲಿ ಒಬ್ಬ ಓದು ಬಲ್ಲವನಿರಬೇಕು. ಓದು ಬಲ್ಲವನಿರಲು ಶಾಲೆ ಇರಬೇಕು. 1941ರಲ್ಲಿ ಮೈಸೂರು ಸರ್ಕಾರ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಂದ ತನ್ನ ಕೈಗೆ ತೆಗೆದುಕೊಂಡ ಮೇಲಂತೂ ಶಾಲೆಯ ಹಣದ ಮಾತು ಊರಿನಿಂದ ರಾಜಧಾನಿಗೆ ಹೋಯಿತು.

ಇನ್ನು ಖಾಸಗಿ ಶಾಲೆಗಳ ಸಂಗತಿ. 1854ರ ವುಡ್ ಅವರ ಶಿಕ್ಷಣ ಲೇಖನ ಆರಂಭಿಸಿದ ಅನುದಾನ ಪದ್ಧತಿಯ ಒಪ್ಪಂದ ಸರಳವಾಗಿತ್ತು: ಸರ್ಕಾರ ಹಣ ಕೊಡುತ್ತದೆ, ಶಾಲೆ ತಪಾಸಣೆಗೆ ಒಪ್ಪುತ್ತದೆ. ನಮ್ಮ ಮಿಷನ್ ಶಾಲೆಗಳು ಬಹುತೇಕ ಈ ಒಪ್ಪಂದದ ಮೇಲೆಯೇ ನಿಂತವು. ಸಂವಿಧಾನದ 30ನೆಯ ವಿಧಿಯ ಎರಡನೆಯ ಖಂಡವು ಅನುದಾನ ಕೊಡುವಾಗ ಅಲ್ಪಸಂಖ್ಯಾತರ ಸಂಸ್ಥೆ ಎಂಬ ಕಾರಣಕ್ಕೆ ಭೇದ ಮಾಡಬಾರದೆಂದು ಹೇಳುತ್ತದೆ. ಕರ್ನಾಟಕದಲ್ಲಿ ಮುಂದೆ ಇಸವಿಗಳ ಗೆರೆಗಳು ಬಂದವು. 1987ಕ್ಕಿಂತ ಹಿಂದಿನ ಶಾಲೆಗೆ ಅನುದಾನ, ಅನಂತರದ್ದಕ್ಕೆ ಇಲ್ಲ ಎಂಬ ಗೆರೆಯ ಆಚೆಗೆ ಬಿದ್ದ ಹಳ್ಳಿಯ ಕನ್ನಡ ಶಾಲೆಗಳು ದಶಕಗಳ ಕಾಲ ಕಾದವು. ಅನುದಾನಿತ ಶಾಲೆಗಳಲ್ಲಿಯೂ 2015ರ ಅಂತ್ಯದ ತನಕ ತೆರವಾದ ಹುದ್ದೆಗಳನ್ನು ಮಾತ್ರ ತುಂಬಬಹುದೆಂಬ ಗೆರೆ ಬಹುಕಾಲ ಇತ್ತು. ಆ ಗೆರೆಯ ಈಚೆಗೆ ನಿವೃತ್ತರಾದ ಶಿಕ್ಷಕಿಯ ಜಾಗದಲ್ಲಿ ಆಡಳಿತ ಮಂಡಳಿ ಕೊಟ್ಟ ಸಣ್ಣ ಸಂಬಳಕ್ಕೆ ಪಾಠ ಹೇಳಿದ ಹುಡುಗಿಯರನ್ನು ನಾನು ಬಲ್ಲೆ. ಇಂಥ ಗೆರೆಗಳೆಲ್ಲ ಎಳೆಯಲ್ಪಡುವುದು ಸರ್ಕಾರಿ ಆದೇಶದ ಒಂದೊಂದು ಪುಟದಲ್ಲಿ.

ಬ್ಯಾಂಕಿನ ಕಥೆಗೆ ಮರಳುವ ಮೊದಲು ನೆರೆಯ ಕೇರಳದ ಒಂದು ಪ್ರಸಂಗವನ್ನು ಹೇಳಲೇಬೇಕು, ಏಕೆಂದರೆ ಅದು ನಮ್ಮ ಮನೆಯದೇ ನೋವು. 1927ರಲ್ಲಿ ಆರಂಭವಾದ ಪಾಲಾಯಿ ಸೆಂಟ್ರಲ್ ಬ್ಯಾಂಕನ್ನು ಕಟ್ಟಿ ಬೆಳೆಸಿದವರು ಸುರಿಯಾನಿ ಕ್ರೈಸ್ತ ಕುಟುಂಬಗಳವರು. ನಮ್ಮವರ ಬ್ಯಾಂಕು ಎಂಬ ನಂಬಿಕೆಯೇ ಅದರ ದೊಡ್ಡ ಬಂಡವಾಳ. ಆ ಬ್ಯಾಂಕಿನ ಸ್ಥಿತಿ ಸರಿಯಿಲ್ಲವೆಂಬುದು ರಿಸರ್ವ್ ಬ್ಯಾಂಕಿನ ತಪಾಸಣೆಗಳಲ್ಲಿ 1950ರ ದಶಕದ ಮೊದಲ ವರ್ಷಗಳಿಂದಲೂ ಕಂಡುಬಂದಿತ್ತು. ಜನರಿಗೆ ಮಾತ್ರ ಅದನ್ನು ಹೇಳಲಿಲ್ಲ. 1960ರ ಆಗಸ್ಟಿನಲ್ಲಿ ನ್ಯಾಯಾಲಯದ ಆದೇಶದಿಂದ ಬ್ಯಾಂಕು ಮುಚ್ಚಿದಾಗಲೇ ಠೇವಣಿದಾರರಿಗೆ ತಿಳಿದದ್ದು.

ಏಕೆ ಹೇಳಲಿಲ್ಲ? ಇಲ್ಲಿ ಆತುರದ ತೀರ್ಪು ಸಲ್ಲದು. ಬ್ಯಾಂಕಿನ ವಿಷಯದಲ್ಲಿ ಪ್ರಕಟಣೆ ಎಂಬುದು ಹುಲ್ಲಿನ ಬಣವೆಯ ಬಳಿಯ ದೀಪದಂತೆ. ಈ ಬ್ಯಾಂಕು ದುರ್ಬಲವಾಗಿದೆ ಎಂದು ಒಂದು ಸಾಲು ಅಚ್ಚಾದರೆ ಸಾಕು, ಮರುದಿನ ಎಲ್ಲರೂ ಸಾಲಿನಲ್ಲಿ ನಿಂತು, ಬದುಕಬಹುದಾಗಿದ್ದ ಬ್ಯಾಂಕೂ ಸಾಯುತ್ತದೆ. ಹೇಳದಿದ್ದರೆ ಗೊತ್ತಿದ್ದವರು ಮೆಲ್ಲಗೆ ಹಣ ತೆಗೆದುಕೊಂಡು ಹೋಗುತ್ತಾರೆ, ಗೊತ್ತಿಲ್ಲದವರು ಉಳಿಯುತ್ತಾರೆ. ಮೇಲ್ವಿಚಾರಣೆ ನಡೆಸುವವರ ಈ ಇಕ್ಕಟ್ಟು ನಿಜವಾದದ್ದು. ಆದರೆ ಮೌನದ ಬೆಲೆಯನ್ನು ಯಾರು ತೆರಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಪಾಲಾಯಿಯ ಕಣ್ಣೀರಿನಿಂದ ಒಂದು ಕಾನೂನು ಬಂತು. 1961ರ ಠೇವಣಿ ವಿಮಾ ಕಾಯಿದೆಯಂತೆ 1962ರ ಜನವರಿ 1ರಂದು ಠೇವಣಿ ವಿಮಾ ನಿಗಮ ಆರಂಭವಾಯಿತು. ಮೊದಲಿಗೆ ರಕ್ಷಣೆ ಇದ್ದುದು 1,500 ರೂಪಾಯಿಗೆ. 1993ರಲ್ಲಿ ಅದು ಒಂದು ಲಕ್ಷಕ್ಕೂ 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೂ ಏರಿತು. 2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬ ಠೇವಣಿದಾರ ತೆಗೆಯಬಹುದಾದ ಮೊತ್ತ 35,000 ರೂಪಾಯಿ ಎಂದು ಪ್ರಕಟಿಸಿದಾಗ, ಬಾಗಿಲ ಬಳಿ ನಿಂತಿದ್ದ ನಿವೃತ್ತರ ಮುಖಗಳನ್ನು ನಾವು ಪತ್ರಿಕೆಗಳಲ್ಲಿ ಕಂಡೆವು. ಇಂಥ ಸಂದರ್ಭದಲ್ಲಿ 90 ದಿನಗಳೊಳಗೆ ವಿಮೆಯ ಹಣ ಕೈಸೇರಬೇಕೆಂಬ ತಿದ್ದುಪಡಿ 2021ರಲ್ಲಿ ಬಂದಿತು. ಇದು ದೊಡ್ಡ ಉಪಕಾರವೇ.

ಆದರೆ ಈ ವಿಮೆ ಬ್ಯಾಂಕಿಗೆ ಮಾತ್ರ. ನಮ್ಮ ಹಳ್ಳಿಗಳ ಉಳಿತಾಯವೆಲ್ಲ ಬ್ಯಾಂಕಿನಲ್ಲಿ ಇದೆಯೇ? ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ವಾರದ ಬಟವಾಡೆಯ ದಿನವೇ ಚೀಟಿಯ ಹಣ ಎತ್ತುವವನು ಬರುತ್ತಾನೆ. ನೆಲಮಂಗಲದ ಹೆದ್ದಾರಿಯ ಗೋದಾಮುಗಳ ಸುತ್ತ, ಹೊಸಕೋಟೆಯ ಕೈಗಾರಿಕಾ ಪ್ರದೇಶದಲ್ಲಿ, 2008ರಲ್ಲಿ ವಿಮಾನ ನಿಲ್ದಾಣ ತೆರೆದ ದೇವನಹಳ್ಳಿಯಲ್ಲಿ ಜಮೀನು ಹೋಗಿ ಪರಿಹಾರ ಬಂದ ಮನೆಗಳ ವಿಳಾಸ ಸರ್ಕಾರಕ್ಕಿಂತ ಮೊದಲು ಫೈನಾನ್ಸ್ ಕಂಪನಿಗಳ ಏಜೆಂಟರಿಗೆ ಗೊತ್ತಿರುತ್ತದೆ. ಏಜೆಂಟನೂ ಹೆಚ್ಚಾಗಿ ಊರಿನವನೇ, ನೆಂಟನೇ. ಇಂಥ ಸಂಸ್ಥೆಗಳಲ್ಲಿ ಹಣ ಕಳೆದುಕೊಂಡವರಿಗಾಗಿ ಕರ್ನಾಟಕ ಸರ್ಕಾರ 2004ರಲ್ಲಿ ಹಣಕಾಸು ಸಂಸ್ಥೆಗಳ ಠೇವಣಿದಾರರ ಹಿತಾಸಕ್ತಿ ಸಂರಕ್ಷಣಾ ಕಾಯಿದೆಯನ್ನು ತಂದಿತು. ಅದರಂತೆ ಸರ್ಕಾರ ಸಂಸ್ಥೆಯ ಆಸ್ತಿಯನ್ನು ಜಪ್ತಿ ಮಾಡಬಹುದು. ಸಕ್ಷಮ ಪ್ರಾಧಿಕಾರ ಎಂದು ನೇಮಕವಾದ ಅಧಿಕಾರಿ ಪ್ರಕಟಣೆ ಹೊರಡಿಸಿ ಠೇವಣಿದಾರರಿಂದ ಅರ್ಜಿ ಕರೆಯುತ್ತಾರೆ. ಎಲ್ಲವೂ ಆ ಪ್ರಕಟಣೆಯ ಮೇಲೆ ನಿಂತಿದೆ.

ಆ ಕಾನೂನಿನ ಅತಿದೊಡ್ಡ ಪರೀಕ್ಷೆ ಬಂದದ್ದು ನಮ್ಮ ಜಿಲ್ಲೆಯಲ್ಲಲ್ಲ, ಪಕ್ಕದ ಬೆಂಗಳೂರು ನಗರದ ಶಿವಾಜಿನಗರದಲ್ಲಿ. 2006ರಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಬಡ್ಡಿಯನ್ನು ಧರ್ಮ ನಿಷೇಧಿಸುತ್ತದೆ ಎಂದು ನಂಬುವ ಮುಸ್ಲಿಂ ಕುಟುಂಬಗಳಿಂದ, ಲಾಭದ ಪಾಲು ಕೊಡುವುದಾಗಿ ಹೇಳಿ, ಹಣ ಸಂಗ್ರಹಿಸಿತು. ಸಂಶಯಗಳು ರಿಸರ್ವ್ ಬ್ಯಾಂಕಿನಿಂದ ರಾಜ್ಯ ಸರ್ಕಾರಕ್ಕೆ ಹಲವು ಬಾರಿ ತಲುಪಿದವು. 2018ರ ನವೆಂಬರಿನಲ್ಲಿ ಕಂದಾಯ ಇಲಾಖೆಯ ವತಿಯಿಂದ ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಬಂತು: ಈ ಸಂಸ್ಥೆಯ ಬಗ್ಗೆ ದೂರು ಇದ್ದವರು ತಿಳಿಸಬೇಕು. ಪ್ರತಿ ತಿಂಗಳು ಲಾಭಾಂಶ ಕೈಗೆ ಬರುತ್ತಿದ್ದವರು ಏನೆಂದು ದೂರು ಕೊಡುತ್ತಾರೆ? ಎಚ್ಚರಗೊಂಡ ಕೆಲವರು ಹಣ ಹಿಂತೆಗೆದರು. ಹಣಕಾಸಿನ ಮೋಸದಲ್ಲಿ ಆಕ್ಷೇಪಣೆ ಹುಟ್ಟುವುದು ಎಲ್ಲವೂ ಮುಗಿದ ಮೇಲೆ. ಮದುವೆಯ ಪ್ರಕಟಣೆಯ ಮಾದರಿ ಇಲ್ಲಿ ಸೋಲುವುದು ಈ ಕಾರಣಕ್ಕೆ: ಅಡ್ಡಿಯ ಸಂಗತಿ ಬೆಂಚಿನ ಮೇಲೆ ಕುಳಿತವರಿಗೆ ಗೊತ್ತಿರುವುದಿಲ್ಲ, ಅದು ಲೆಕ್ಕದ ಪುಸ್ತಕದಲ್ಲಿರುತ್ತದೆ, ಆ ಪುಸ್ತಕ ತೆರೆಸುವ ಅಧಿಕಾರ ಕೇಳುವವನ ಕೈಯಲ್ಲಿಯೇ ಇರುತ್ತದೆ.

2019ರ ಜೂನ್‌ನಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಹತ್ತಾರು ಸಾವಿರ ಜನ ದೂರು ಹಿಡಿದು ನಿಂತರು. ಸಂಸ್ಥಾಪಕ ದುಬೈಗೆ ಹೋಗಿ, ಜುಲೈನಲ್ಲಿ ದೆಹಲಿಯಲ್ಲಿ ಬಂಧಿತನಾದ. ಅನುಕೂಲಕರ ವರದಿಗಾಗಿ ಲಂಚ ಪಡೆದರೆಂಬ ಆರೋಪ ಕೆಲವು ಕಂದಾಯ ಅಧಿಕಾರಿಗಳ ಮೇಲೆಯೇ ಬಂತು. ಆಗ ಬೆಳಕಿಗೆ ಬಂದ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಶಿವಾಜಿನಗರದ ವಿ.ಕೆ. ಒಬೇದುಲ್ಲಾ ಸರ್ಕಾರಿ ಶಾಲೆಯನ್ನು ಐಎಂಎ ದತ್ತು ಪಡೆದಿತ್ತು. ಕಟ್ಟಡ ನವೀಕರಣಗೊಂಡಿತ್ತು, ಹೆಚ್ಚುವರಿ ಶಿಕ್ಷಕರಿಗೆ ಸಂಸ್ಥೆಯೇ ಸಂಬಳ ಕೊಡುತ್ತಿತ್ತು, ಬಡವರ ಮಕ್ಕಳು ತುಂಬಿದ್ದರು. ಒಂದೇ ವಾರದಲ್ಲಿ ಆ ಶಿಕ್ಷಕರ ಸಂಬಳದ ಮೂಲ ಒಣಗಿತು.

ಮಕ್ಕಳಿಗೆ ಒಳ್ಳೆಯದಾಯಿತಲ್ಲ ಎಂದು ಹೇಳಬಹುದು. ಆಯಿತು, ನಿಜ. ಆದರೆ ಆ ಬಣ್ಣ ಹಚ್ಚಿದ ಗೋಡೆಗಳು ಏನು ಸಾರುತ್ತಿದ್ದವು? ಸರ್ಕಾರದ ಶಾಲೆಯನ್ನೇ ಸರ್ಕಾರ ನಂಬಿ ಒಪ್ಪಿಸಿದ ಸಂಸ್ಥೆ ಇದು ಎಂದು. ಕಂದಾಯ ಇಲಾಖೆಯ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಒಂದು ದಿನ ಇತ್ತು, ಶಾಲೆಯ ಗೋಡೆ ವರ್ಷವಿಡೀ ಬೀದಿಯಲ್ಲಿತ್ತು. ತಾಯಂದಿರು ಪ್ರತಿದಿನ ಬೆಳಿಗ್ಗೆ ಮಕ್ಕಳನ್ನು ಬಿಡಲು ಬಂದಾಗ ಓದಿದ್ದು ಗೋಡೆಯ ಪ್ರಕಟಣೆಯನ್ನು. ಶಾಲೆಗೆ ಬೇಕಾದ ಶಿಕ್ಷಕರನ್ನು ಸಾರ್ವಜನಿಕ ಹಣದಿಂದಲೇ ಕೊಟ್ಟಿದ್ದರೆ ಆ ಗೋಡೆ ಯಾರ ಪರವಾಗಿಯೂ ಮಾತಾಡುತ್ತಿರಲಿಲ್ಲ. ಧರ್ಮದ ಹೆಸರಿನಲ್ಲಿ ಹುಟ್ಟಿದ ನಂಬಿಕೆ ಎಷ್ಟು ಸುಲಭವಾಗಿ ದುರುಪಯೋಗವಾಗುತ್ತದೆ ಎಂದು ಪಕ್ಕದ ಸಮುದಾಯದ ಕಡೆಗೆ ಬೆರಳು ತೋರಿಸುವ ಮುನ್ನ ನಾವು ಪಾಲಾಯಿಯನ್ನು ನೆನೆಯುವುದು ಒಳಿತು.

2020ರ ನವೆಂಬರಿನಲ್ಲಿ ಸಕ್ಷಮ ಪ್ರಾಧಿಕಾರ ಅರ್ಜಿಗಳನ್ನು ಆನ್‌ಲೈನ್ ಮೂಲಕ ಕರೆಯಿತು. ಅವಧಿಯನ್ನು ವಿಸ್ತರಿಸಿತು, ಸೇವಾ ಕೇಂದ್ರಗಳಲ್ಲಿ ಅರ್ಜಿ ತುಂಬಿಸಲು ಏರ್ಪಾಡು ಮಾಡಿತು, ಪಡೆದ ಲಾಭಾಂಶವನ್ನು ಅಸಲಿನಿಂದ ಕಳೆದು ಬಾಕಿ ಗೊತ್ತುಮಾಡಿತು, ಸಣ್ಣ ಮೊತ್ತದವರಿಗೆ ಮೊದಲು ಕೊಡಲು ತೊಡಗಿತು. ಪ್ರಕಟಣೆ ಜನರ ಬಳಿಗೆ ನಡೆದುಬರಲು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಜಿಲ್ಲೆಯ ಸ್ಥಿತಿ ವಿಚಿತ್ರವಾದದ್ದು. ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರ ಆಗಸ್ಟ್ 15ರಂದು ಪ್ರತ್ಯೇಕವಾಯಿತು, 2007ರಲ್ಲಿ ರಾಮನಗರ ಅದರಿಂದ ಬೇರೆಯಾಯಿತು. ಉಳಿದ ನಾಲ್ಕು ತಾಲ್ಲೂಕುಗಳು ದೊಡ್ಡಬಳ್ಳಾಪುರ ಉಪವಿಭಾಗಕ್ಕೆ ಸೇರಿದವು. ಆದರೆ ಜಿಲ್ಲಾಧಿಕಾರಿಗಳ ಕಚೇರಿ ದೀರ್ಘಕಾಲ ಇದ್ದದ್ದು ಬೆಂಗಳೂರಿನ ನಡುವೆ, ವಿಶ್ವೇಶ್ವರಯ್ಯ ಕೇಂದ್ರದ ಪೋಡಿಯಂ ಬ್ಲಾಕಿನಲ್ಲಿ. ಗ್ರಾಮಾಂತರದ ಸೂಚನಾ ಫಲಕ ನಗರದಲ್ಲಿ! ಹೊಸಕೋಟೆಯ ನಂದಗುಡಿಯ ರೈತ ತನ್ನ ಜಿಲ್ಲೆಯ ಪ್ರಕಟಣೆ ಓದಲು ಅಂಬೇಡ್ಕರ್ ವೀಧಿಗೆ ಹೋಗಬೇಕಿತ್ತು. 2018ರ ಹೊತ್ತಿಗೆ ಜಿಲ್ಲಾಡಳಿತ ಭವನ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರಕ್ಕೆ ಬಂತು. ಪ್ರಕಟಣೆ ಓದುವುದನ್ನು ಈ ತಾಲ್ಲೂಕಿನವರಿಗೆ ಕಲಿಸಿದ್ದು ಜಮೀನು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಸ್ವಾಧೀನಪಡಿಸುವ ಅಧಿಸೂಚನೆಯ ವಿರುದ್ಧ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳಿತು. ಜಮೀನಿನ ನೋಟಿಸನ್ನು ಅಕ್ಷರ ಅಕ್ಷರ ಬಿಡಿಸಿ ಓದಿದ ಅದೇ ಜನ ಠೇವಣಿಯ ನೋಟಿಸನ್ನು ಓದುವುದಿಲ್ಲ. ಹೊಲ ಕಣ್ಣೆದುರು ಇರುತ್ತದೆ, ಹಣ ಕಾಗದದಲ್ಲಿ ಇರುತ್ತದೆ ಎಂಬುದು ಬಹುಶಃ ಕಾರಣ.

ಸರ್ಕಾರವೇ ಠೇವಣಿದಾರನಾದಾಗ ಏನಾಗುತ್ತದೆ ಎಂಬುದನ್ನೂ ನೋಡಿದೆವು. 2024ರ ಆಗಸ್ಟ್ 12ರಂದು ಕರ್ನಾಟಕದ ಹಣಕಾಸು ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಸ್ಟೇಟ್ ಬ್ಯಾಂಕ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕುಗಳಲ್ಲಿನ ಎಲ್ಲ ಸರ್ಕಾರಿ ಖಾತೆಗಳನ್ನು ಮುಚ್ಚುವಂತೆ ಆಜ್ಞಾಪಿಸಿತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 2011ರಲ್ಲಿಯೂ ಮಾಲಿನ್ಯ ನಿಯಂತ್ರಣ ಮಂಡಳಿ 2013ರಲ್ಲಿಯೂ ಇಟ್ಟ ಠೇವಣಿಗಳು ವಂಚನೆಗೆ ತುತ್ತಾಗಿ ಹಿಂದಿರುಗಿರಲಿಲ್ಲ. ಎರಡನೆಯದು ಇದ್ದದ್ದು ಅಂದಿನ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ, ಅಂದರೆ 1913ರಲ್ಲಿ ಇದೇ ನಾಡಿನ ಸರ್ಕಾರ ಹುಟ್ಟುಹಾಕಿದ, 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದ ಬ್ಯಾಂಕಿನಲ್ಲಿ. ನಾಲ್ಕೇ ದಿನಗಳಲ್ಲಿ ಬ್ಯಾಂಕುಗಳು ಕಾಲಾವಕಾಶ ಕೇಳಿ ಬಂದವು, ಸುತ್ತೋಲೆ ತಡೆಹಿಡಿಯಲ್ಪಟ್ಟಿತು. ಹಣ ಸಂದಾಯವಾದ ಮೇಲೆ ವಾಪಸಾಯಿತು. ಸರ್ಕಾರ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಒಂದು ಪುಟದ ಸುತ್ತೋಲೆಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಮಾತ್ರ ಗಮನಿಸಿದೆ. ನೆಹೆಮೀಯನ ಗ್ರಂಥದಲ್ಲಿ ಹೊಲ ದ್ರಾಕ್ಷಿತೋಟಗಳನ್ನು ಅಡವಿಟ್ಟು ಅಳುತ್ತಿದ್ದವರ ಕೂಗು ಕೇಳಿದಾಗ ಅವನು ಗಣ್ಯರನ್ನು ಒಳಗೆ ಕರೆದು ಮಾತಾಡಲಿಲ್ಲ, ಮಹಾಸಭೆಯನ್ನೇ ಕೂಡಿಸಿ ಎಲ್ಲರೆದುರು ಅವರಿಂದ ಪ್ರಮಾಣ ಮಾಡಿಸಿದ.

ಶಾಲೆಯ ವಿಷಯದಲ್ಲಿ ನಮ್ಮ ಕಡೆಯದ್ದನ್ನೂ ಹೇಳಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇಕಡಾ 25 ಸ್ಥಾನಗಳನ್ನು ಕೊಡುವ, ಅವರ ಶುಲ್ಕವನ್ನು ಸರ್ಕಾರ ಭರಿಸುವ ಪದ್ಧತಿ ಕರ್ನಾಟಕದಲ್ಲಿ 2012ರಲ್ಲಿ ಜಾರಿಗೆ ಬಂತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದು ಎಂದಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಒಂದು ಪೀಠ ಆ ತೀರ್ಪನ್ನು ಹಿರಿಯ ಪೀಠ ಮರುಪರಿಶೀಲಿಸಬೇಕೆಂದು ಅಭಿಪ್ರಾಯಪಟ್ಟಿದೆ. ನಮ್ಮ ಹಕ್ಕು ನಮಗೆ ಅಮೂಲ್ಯ. ಆದರೆ ವಿನಾಯಿತಿಯ ಸುದ್ದಿ ಬಂದಾಗ ಕೆಲವು ಆಡಳಿತ ಮಂಡಳಿಗಳಲ್ಲಿ ಕಂಡ ನೆಮ್ಮದಿ ನನಗೆ ಹಿತವೆನಿಸಲಿಲ್ಲ. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಇಲ್ಲವೆಂದಿತು. ಸರ್ಕಾರಿ ಶಾಲೆ ಉಳಿಯಬೇಕೆಂಬ ವಾದಕ್ಕೆ ಬಲವಿದೆ. ಆದರೂ ತನ್ನ ಮಗುವಿಗೆ ಇದ್ದ ಒಂದು ಬಾಗಿಲು ಮುಚ್ಚಿತೆಂಬುದು ಎಷ್ಟೋ ತಾಯಂದಿರಿಗೆ ತಿಳಿದದ್ದು ಅರ್ಜಿ ಹಾಕಲು ಹೋದಾಗ.

ಕೊನೆಗೆ ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಈ ಜಿಲ್ಲೆಯ ಒಂದು ಧರ್ಮಕೇಂದ್ರದಲ್ಲಿದ್ದಾಗ ಒಂದು ಸಂಜೆ ವಿಧವೆಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪಾಸ್‌ಪುಸ್ತಕ, ನಾಲ್ಕು ರಸೀದಿ ತಂದರು. ಜಮೀನಿನ ಪರಿಹಾರದಲ್ಲಿ ತಮ್ಮ ಪಾಲಿಗೆ ಬಂದದ್ದನ್ನು ಒಂದು ಫೈನಾನ್ಸ್ ಕಂಪನಿಯಲ್ಲಿ ಇಟ್ಟಿದ್ದರು, ಮೊಮ್ಮಗಳ ಓದಿಗೆಂದು. ಕಂಪನಿ ಮುಚ್ಚಿತ್ತು.

"ಸ್ವಾಮಿ, ಸರ್ಕಾರದೋರು ಪೇಪರ್‌ನಾಗೆ ಹಾಕಿದ್ರಂತೆ. ಅರ್ಜಿ ಕೊಡೋಕೆ ದಿನ ಮುಗೀತಂತೆ. ನಂಗ್ಯಾರೂ ಹೇಳ್ಲಿಲ್ಲ."

ಅವರು ಹೋದ ಮೇಲೆ ವಾಚನಾಲಯದ ಹಳೆಯ ಪತ್ರಿಕೆಗಳನ್ನು ಕೆದಕಿದೆ. ಪ್ರಕಟಣೆ ಇತ್ತು. ನಾನು ದಿನವೂ ಚಹಾ ಕುಡಿಯುವ ಮೇಜಿನ ಮೇಲೆ ಆ ಪತ್ರಿಕೆ ಆ ದಿನವೆಲ್ಲ ಬಿದ್ದಿತ್ತು. ಸಂಪಾದಕೀಯವನ್ನು ಓದಿದ ನೆನಪು ನನಗಿದೆ. ಆ ವಾರ ಮೂರು ಮದುವೆಗಳ ಪ್ರಕಟಣೆಯನ್ನೂ, ತೇರಿನ ಹಬ್ಬದ ಚಂದಾದ ವಿವರವನ್ನೂ ಪೀಠದಿಂದ ಓದಿದ್ದೆ.

ಮರುವಾರ ಅವರೊಡನೆ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ಮರ್ಯಾದೆಯಿಂದಲೇ ಅರ್ಜಿ ತೆಗೆದುಕೊಂಡು, ತಡವಾದ ಅರ್ಜಿಗಳ ಬಗ್ಗೆ ಮೇಲಿನಿಂದ ಆದೇಶ ಬಂದರೆ ನೋಡೋಣ ಎಂದು ಮೊಹರು ಹಾಕಿದ ಒಂದು ಚೀಟಿ ಕೊಟ್ಟರು. ಆ ತಾಯಿ ಅದನ್ನು ಪಾಸ್‌ಪುಸ್ತಕದೊಳಗೆ ಇಟ್ಟುಕೊಂಡರು. ಮೊಮ್ಮಗಳು ಆ ವರ್ಷ ಕಾಲೇಜಿಗೆ ಸೇರದೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ನಾನು ಅಲ್ಲಿಂದ ವರ್ಗವಾಗುವ ತನಕ ಆದೇಶ ಬಂದಿರಲಿಲ್ಲ.

ಈಗ ನಾನಿರುವ ಕಡೆ ಮದುವೆಯ ಪ್ರಕಟಣೆಗಳಾದ ಮೇಲೆ ವಾರದ ಸರ್ಕಾರಿ ಪ್ರಕಟಣೆಗಳನ್ನು ಓದುತ್ತೇನೆ: ವಿದ್ಯಾರ್ಥಿವೇತನ, ಶಾಲೆಗೆ ಸೇರಿಸುವ ಅರ್ಜಿ, ಠೇವಣಿದಾರರಿಗೆ ಕರೆ. ಬಲಿಪೂಜೆ ಉದ್ದವಾಗುತ್ತದೆಂದು ಒಬ್ಬಿಬ್ಬರು ಗೊಣಗಿದ್ದಾರೆ. ಹೋದ ಭಾನುವಾರ ಓದಿ ಮುಗಿಸಿ ಅಂತಿಮ ಆಶೀರ್ವಾದಕ್ಕೆ ಕೈಯೆತ್ತಿದ್ದೆ; ಕೊನೆಯ ಬೆಂಚಿನಿಂದ ಹಿರಿಯರೊಬ್ಬರು ಎದ್ದು ನಿಂತು, "ಫಾದರ್, ಕೊನೇ ತಾರೀಕು ಇನ್ನೊಂದ್ಸಲ ಹೇಳಿ" ಎಂದರು.